ಅವಳ ಬೆಳಗಿನ ವಾಕಿಂಗ್

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ದಿನಗಳಲ್ಲಿ, ತರಗತಿಯಲ್ಲಿ ಯಾರದ್ದಾದರೂ ಪೆನ್ನು ಕೆಳಗೆ ಬಿದ್ದರೆ ನಾನು ಪಾಠ ನಿಲ್ಲಿಸಿ ಅವರನ್ನೇ ದಿಟ್ಟಿಸಿ ನೋಡುತ್ತಿದ್ದೆ. ಮನೆಯಲ್ಲೂ ಅದೇ ಶಿಸ್ತು. ಬನಶಂಕರಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಮಿಕ್ಸಿ ಹಾಕುವಂತಿರಲಿಲ್ಲ, ಟಿವಿ ಹಚ್ಚುವಂತಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ನನಗೂ ಶಿವನಿಗೂ ನಡುವೆ ಯಾರೂ ಬರಬಾರದು.

ಮೊದಲೆಲ್ಲ ಹೆಂಡತಿಯೂ ತನ್ನ ಲಿಂಗ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. ಬಳೆ ಸದ್ದಾಗುತ್ತದೆ ಎಂದು ಒಮ್ಮೆ ಹೇಳಿದೆ. ಮರುದಿನ ಬಳೆ ತೆಗೆದಿಟ್ಟು ಬಂದಳು. ಅವಳು ಉಸಿರಾಡುವ ಸದ್ದಿನ ಬಗ್ಗೆಯೂ ಏನೋ ಅಂದ ನೆನಪಿದೆ. ಕೆಲವು ವರ್ಷದ ಹಿಂದೆ ಒಂದು ದಿನ, "ನಾನಿನ್ನು ಬೆಳಗ್ಗೆ ವಾಕಿಂಗ್ ಹೋಗ್ತೀನಿ ರೀ, ಪಾರ್ಕಿಗೆ. ಪೂಜೆ ಬಂದ್ಮೇಲೆ ಮಾಡ್ಕೋತೀನಿ" ಎಂದಳು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ವಾಕಿಂಗಿಗೆ ಹೋಗುವವಳು ಸ್ನಾನ ಮಾಡಿಕೊಂಡು ಯಾಕೆ ಹೊರಡುತ್ತಾಳೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ನಾನು ಪೂಜೆಯಲ್ಲಿದ್ದಾಗ ಅಡುಗೆಮನೆಯಲ್ಲಿ ಅವಳ ಫೋನ್ ಬಡಿದುಕೊಳ್ಳತೊಡಗಿತು. ಮರೆತು ಹೋಗಿದ್ದಳು. ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಐದನೆಯ ಸಲಕ್ಕೆ ಸಿಡುಕುತ್ತಾ ಎದ್ದೆ. ಉತ್ತರಹಳ್ಳಿಯಲ್ಲಿರುವ ಅವಳ ತಮ್ಮ.

"ಭಾವ, ಮಗಳಿಗೆ ಹೆರಿಗೆ ಆಯ್ತು! ಹೆಣ್ಣು ಮಗು. ಅಕ್ಕಂಗೆ ಕೊಡಿ."

ಅವನ ಖುಷಿ ಕೇಳಿ ಸಿಟ್ಟು ಇಳಿಯಿತು. ನಾನೇ ಹೋಗಿ ಹೇಳೋಣವೆಂದು ಪಾರ್ಕಿಗೆ ಹೋದೆ. ಎರಡು ಸುತ್ತು ಹಾಕಿದರೂ ಅವಳು ಕಾಣಲಿಲ್ಲ. ಬೆಂಚಿನ ಮೇಲಿದ್ದ ನಮ್ಮ ಬೀದಿಯವರನ್ನು ಕೇಳಿದೆ.

"ಮೇಡಂ ಇಲ್ಲಿಗೆ ಯಾವತ್ತೂ ಬರಲ್ವಲ್ಲ ಸಾರ್. ಹಿಂದಿನ ಕ್ರಾಸಲ್ಲಿ ಕೊನೇ ಮನೇಲಿ ಒಬ್ರು ಅಜ್ಜಿ ಇದಾರೆ, ಅಲ್ಲಿರ್ತಾರೆ, ನೋಡಿ."

ಆ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯ ಚಾಪೆಯ ಮೇಲೆ ನಾಲ್ವರು ಹೆಂಗಸರು. ಒಬ್ಬರು ವಚನ ಹೇಳುತ್ತಾ ಅರ್ಧಕ್ಕೇ ಮರೆತು ನಗುತ್ತಿದ್ದರು. ಒಳಗೆ ಕುಕ್ಕರ್ ಕೂಗುತ್ತಿತ್ತು. ಆ ಮನೆಯ, ಎಂಬತ್ತರ ಆಸುಪಾಸಿನ ಹಿರಿಯಾಕೆಗೆ ಸ್ಟ್ರೋಕ್ ಆಗಿ ಎಡಗೈ ಸ್ವಾಧೀನ ತಪ್ಪಿತ್ತು. ನನ್ನ ಹೆಂಡತಿ ಆ ಕೈಯ ಕೆಳಗೆ ತನ್ನ ಕೈಯಿಟ್ಟು, ಅಂಗೈಯಲ್ಲಿ ಲಿಂಗ ನಿಲ್ಲುವಂತೆ ಹಿಡಿದಿದ್ದಳು. ಬಳೆ ತೊಟ್ಟಿದ್ದಳು. ನನ್ನನ್ನು ನೋಡಿದಳು. ಏಳಲಿಲ್ಲ.

ಹೊಸ್ತಿಲಲ್ಲೇ ನಿಂತು ಮಗುವಿನ ಸುದ್ದಿ ಹೇಳಿ ಹೊರಟುಬಂದೆ. ಬೇರೆ ಯಾವ ವಿಷಯಕ್ಕೆ ಸುಳ್ಳು ಹೇಳಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ದೇವರ ಮುಂದೆ ಕೂರುವುದಕ್ಕೆ ನನ್ನನ್ನು ಬಿಟ್ಟು ಹೋಗಿದ್ದಳು.

ಅವಳು ಬಂದ ಮೇಲೆ ಕೇಳಿದೆ, "ಇಷ್ಟು ವರ್ಷ ಸುಳ್ಳು ಹೇಳಿದೆಯಾ?"

"ಹೇಳಿದೆ" ಎಂದಳು. ಆಮೇಲೆ ಕೇಳಿದಳು, "ನಮ್ಮಪ್ಪ ಹೋದ ದಿನ ನೆನಪಿದೆಯಾ? ಬೆಳಗ್ಗೆ ಆರೂಕಾಲಿಗೆ ಫೋನ್ ಬಂತು, ನಾನು ಎದ್ದು ಹೊರಗೆ ಬಂದು ತಗೊಂಡೆ. ನೀವು ಒಳಗಿದ್ರಿ. ಮುಕ್ಕಾಲು ಗಂಟೆ ಬಾಗಿಲ ಹತ್ರ ನಿಂತಿದ್ದೆ, ನೀವು ಏಳಲಿ ಅಂತ. ಸೆರಗು ಬಾಯಿಗಿಟ್ಕೊಂಡು ನಿಂತಿದ್ದೆ. ಅದಾದ್ಮೇಲೆ ನಿಮ್ಮ ಪಕ್ಕ ಕೂರೋಕೆ ನನ್ನ ಕೈಲಿ ಆಗ್ಲಿಲ್ಲ."

ನೆನಪಿತ್ತು. ಅದನ್ನು ಎಷ್ಟೋ ಜನರ ಮುಂದೆ ನಾನೇ ಹೇಳಿಕೊಂಡಿದ್ದೆ, ಅವಳ ಶ್ರದ್ಧೆಗೆ ಉದಾಹರಣೆಯಾಗಿ.

ಆದರೂ ಸಿಟ್ಟು ಹೋಗಲಿಲ್ಲ. ಅವಳಿಗೆ ಅನ್ಯಾಯ ಮಾಡಿದೆನೆಂದು ತಿಳಿದ ಮೇಲೂ, ನನಗೆ ಮೋಸವಾಯಿತೆಂಬ ನೋವು ಹಾಗೇ ಇತ್ತು. ಮರುದಿನದಿಂದ ದೇವರ ಕೋಣೆಯ ಬಾಗಿಲು ತೆರೆದಿಟ್ಟೆ. ಅವಳು ಬರಲಿಲ್ಲ. ಒಂದು ದಿನ, "ನಾನೂ ಅಲ್ಲಿಗೆ ಬರಲಾ?" ಎಂದು ಕೇಳಿದೆ. "ಬೇಡ ರೀ" ಎಂದಳು, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಮಳೆಗಾಲದಲ್ಲಿ ಅವಳಿಗೆ ಚಿಕೂನ್‌ಗುನ್ಯಾ ಬಂತು. ಕೈಗಂಟು ಊದಿ ಲೋಟ ಎತ್ತುವುದೂ ಕಷ್ಟವಾಯಿತು. ಆ ಗುಂಪಿನ ಉಳಿದಿಬ್ಬರು ಊರಿನಲ್ಲಿರಲಿಲ್ಲ. ಮಲಗಿದ್ದಲ್ಲಿಂದಲೇ, ನನ್ನ ಮುಖ ನೋಡದೆ ಕೇಳಿದಳು, "ಆ ಮನೆ ಅಮ್ಮನ ಕೈ ಹಿಡಿಯೋರಿಲ್ಲ. ನೀವು ಹೋಗ್ತೀರಾ?"

ಹೋದೆ. ಆ ಕೈ ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು, ತಣ್ಣಗಿತ್ತು. ಅದಕ್ಕೆ ನನ್ನ ಕೈ ಒತ್ತುಕೊಟ್ಟು ಕೂತೆ. ಎರಡು ನಿಮಿಷವಾಗಿರಬೇಕು, ಆಫೀಸಿಗೆ ಹೊರಡುವ ಅವಸರದಲ್ಲಿದ್ದ ಸೊಸೆ ಒಳಗಿನಿಂದ ಕೂಗಿದರು, "ಅತ್ತೆ, ಹಿಟ್ಟಿಗೆ ಉಪ್ಪು ಹಾಕಿದೀನಾ?"

"ರಾತ್ರೀನೇ ಹಾಕಿದೀಯ ಕಣೇ" ಎಂದರು ಆಕೆ, ಲಿಂಗದ ಮೇಲಿನ ದೃಷ್ಟಿ ತೆಗೆಯದೆ. ಆಮೇಲೆ ಅದೇ ದನಿಯಲ್ಲಿ ನನ್ನನ್ನು ಕೇಳಿದರು, "ಕೈ ನಡುಗ್ತಿದೆಯಲ್ಲ ಸಾರ್. ಸಿಟ್ಟಾ?"

"ಇಲ್ಲಮ್ಮ."

"ಅವಳು ನಿಮ್ಮ ಬಗ್ಗೆ ಏನೂ ಕೆಟ್ಟದ್ದು ಹೇಳಿಲ್ಲ. ಅವರಪ್ಪ ಹೋದ ದಿನದ ವಿಷ್ಯ ಒಂದು ಹೇಳಿ ಅತ್ಲು, ಅಷ್ಟೆ."

ಅಷ್ಟೆ! ಅವಳ ಸಂಕಟ ಈ ಮನೆಯವರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಎದ್ದು ಹೋಗಿಬಿಡೋಣ ಅನಿಸಿತು. ಆದರೆ ಕೈ ತೆಗೆದರೆ ಲಿಂಗ ಕೆಳಗೆ ಬೀಳುತ್ತಿತ್ತು. ಕೂತೆ. ಕಾಲಿಂಗ್ ಬೆಲ್ ಆಯಿತು, ಪಕ್ಕದ ಮನೆಯವರು ಕರಿಬೇವು ಕೇಳಲು ಬಂದರು, ಆಕೆ ಅವರ ಮಂಡಿನೋವು ವಿಚಾರಿಸಿದರು. ಪ್ರತಿ ಮಾತಿನ ನಂತರ ಆಕೆಯ ಕಣ್ಣು ಎಲ್ಲಿ ಬಿಟ್ಟಿತ್ತೋ ಅಲ್ಲಿಗೇ ಮರಳುತ್ತಿತ್ತು. ನನ್ನ ಮುಚ್ಚಿದ ಕೋಣೆಯಲ್ಲಿ ಅಷ್ಟು ವರ್ಷದಲ್ಲಿ ಒಂದು ಸಲವೂ ನನಗೆ ಹಾಗೆ ಮರಳಲು ಬಂದಿರಲಿಲ್ಲ. ಒಂದು ಸದ್ದಾದರೆ ಇಡೀ ದಿನ ಹಾಳು.

ಹೆಂಡತಿ ಚೇತರಿಸಿಕೊಂಡ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ, ಅವಳು ಬೇಡವೆನ್ನಲೂ ಇಲ್ಲ. ಹೆಂಗಸರು ಒಟ್ಟಿಗೆ ನಕ್ಕರೆ ನನ್ನನ್ನೇ ನಗುತ್ತಿದ್ದಾರೇನೋ ಎಂಬ ಅನುಮಾನ ಈಗಲೂ ಬರುತ್ತದೆ. ಅವಳು ಎಲ್ಲಿಗಾದರೂ ಹೊರಟರೆ ಎಲ್ಲಿಗೆ ಎಂದು ಎರಡು ಸಲ ಕೇಳುತ್ತೇನೆ. ಅವಳು ಎರಡು ಸಲವೂ ಉತ್ತರ ಕೊಡುತ್ತಾಳೆ.

ಮೊನ್ನೆ ಪೂಜೆಯ ನಡುವೆ ಹಿರಿಯಾಕೆ ಕೂತಲ್ಲೇ ನಿದ್ದೆ ಹೋದರು. ಎಬ್ಬಿಸಬೇಡಿ ಎಂದು ಹೆಂಡತಿ ಕಣ್ಣಿನಲ್ಲೇ ಹೇಳಿದಳು. ಆಕೆಯ ಕೈ ಹಿಡಿದಿದ್ದ ನನ್ನ ತೋಳು ಜೋಮು ಹಿಡಿಯಿತು. ಬಹಳ ಹೊತ್ತಿನ ಮೇಲೆ ಎಚ್ಚರಗೊಂಡು, "ಅಯ್ಯೋ, ತುಂಬಾ ಹೊತ್ತಾಯ್ತಾ?" ಎಂದರು.

"ಇಲ್ಲಮ್ಮ, ಈಗಷ್ಟೇ ಕಣ್ಣು ಮುಚ್ಚಿದ್ರಿ" ಎಂದಳು ಹೆಂಡತಿ.

ಎಷ್ಟು ಸಲೀಸಾಗಿ ಹೇಳುತ್ತಾಳೆ ಎಂದು ಎದೆಯೊಳಗೆ ಚುರುಕ್ಕೆಂದಿತು. ಆಕೆ ಖಾತ್ರಿ ಮಾಡಿಕೊಳ್ಳಲೆಂಬಂತೆ ನನ್ನತ್ತ ತಿರುಗಿದರು.

"ಹೌದಮ್ಮ, ಈಗಷ್ಟೇ" ಎಂದೆ.