ಹಸಿ ಬೀಜದ ಅಳತೆ

ಮೊನ್ನೆ ಬಾಗಿಲಿನ ಚಿಲಕ ಕೊಳ್ಳಲು ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಪಕ್ಕದ ಗಿರಾಕಿಗೆ ತೋರಿಸಲೆಂದು ಒಂದು ಎಣ್ಣೆ ಡಬ್ಬದ ಮುಚ್ಚಳ ತೆಗೆದರು. ನೀರಿಗೆ ಬೆರೆಸಿದರೆ ಹಾಲಿನಂತಾಗುವ, ಲೇತಿನಲ್ಲಿ ಕಬ್ಬಿಣ ಕೊರೆಯುವಾಗ ಸುರಿಯುವ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಲಕ ಮರೆತುಹೋಯಿತು. ಮೂಡಿಗೆರೆಯ ಲೇತ್ ಸಾಬರು ನೆನಪಾದರು...

ಆ ಕಾಲದಲ್ಲಿ ನಾನು ಒಂದು ಸಾಫ್ಟ್‌ವೇರ್ ಕಂಪನಿಯ ಅರ್ಧ ಭಾಗವಾಗಿದ್ದೆ. ಉಳಿದರ್ಧ ನಮ್ಮ ಎಂಜಿನಿಯರ್. ಕಂಪ್ಯೂಟರಿನಲ್ಲಿ ಯಂತ್ರದ ಬಿಡಿಭಾಗದ ಚಿತ್ರ ಬರೆಯುವುದು, ಆ ಚಿತ್ರದಿಂದಲೇ ಕಬ್ಬಿಣ ಕೊರೆಯುವ ಯಂತ್ರಕ್ಕೆ ಆಜ್ಞೆ ಹೊರಡಿಸುವುದು, ಇದು ಅವರು ಬರೆದ ಸಾಫ್ಟ್‌ವೇರಿನ ಕೆಲಸ. ಅದರ ಕೈಪಿಡಿ ಬರೆಯುವುದು, ಕರೆಂಟ್ ಹೋದಾಗ ಕಿಟಕಿ ತೆಗೆಯುವುದು ನನ್ನ ಕೆಲಸ. ಜಗತ್ತಿನ ಎಂಜಿನಿಯರಿಂಗನ್ನೇ ಬದಲಿಸಲಿದ್ದ ಈ ಸಂಸ್ಥೆಯ ಕೇಂದ್ರ ಕಚೇರಿ ಸಾಬರ ಲೇತ್ ಅಂಗಡಿಯ ಮಾಳಿಗೆಯಲ್ಲಿತ್ತು. ಬೇರೆ ಕಚೇರಿಗಳೇ ಇರಲಿಲ್ಲವಾದ್ದರಿಂದ ಅದನ್ನು ಕೇಂದ್ರ ಎನ್ನಲು ಯಾರ ಆಕ್ಷೇಪವೂ ಇರಲಿಲ್ಲ. ಕೆಳಗೆ ಲೇತ್ ತಿರುಗಿದರೆ ಮೇಲೆ ಕಂಪ್ಯೂಟರ್ ಸಣ್ಣಗೆ ನಡುಗುತ್ತಿತ್ತು. ನಾವೂ.

ಸಾಬರು ಸುತ್ತಲಿನ ತೋಟಗಳ ಪಲ್ಪರ್ ರಿಪೇರಿಗೆ ಹೆಸರಾದವರು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ತಿರುಗುವ ಡ್ರಮ್ಮಿಗೂ ಅದರೆದುರಿನ ಬಾಗಿದ ಪಟ್ಟಿಗೂ ನಡುವಿನ ಸಂದಿ ಹೆಚ್ಚಾದರೆ ಹಣ್ಣು ಹಾಗೇ ಜಾರಿಹೋಗುತ್ತದೆ, ಕಡಿಮೆಯಾದರೆ ಬೀಜ ತುಂಡಾಗುತ್ತದೆ. ಪಟ್ಟಿ ಮಾಡಿಸುವವರು ತಮ್ಮ ತೋಟದ್ದೇ ಒಂದು ಹಿಡಿ ಹಣ್ಣು ತರಬೇಕೆಂಬುದು ಸಾಬರ ಕಾನೂನು. ಹಣ್ಣು ಹಿಸುಕಿ, ಲೋಳೆ ಸಮೇತ ಬೀಜವನ್ನು ಸಂದಿಯಲ್ಲಿ ಜಾರಿಸಿ ನೋಡುವರು. ಪಟ್ಟಿಗೆ ಅರ ಉಜ್ಜಿ ಒಂದಿಷ್ಟು ಸವೆಸಿ ಮತ್ತೆ ಜಾರಿಸುವರು. ಆ ಅಂಗಡಿಯಲ್ಲಿ ಸ್ಕೇಲಿಗೆ ಬೆನ್ನು ಕೆರೆಯುವ ಉದ್ಯೋಗ ಮಾತ್ರ.

ನಮ್ಮ ಮೊದಲ ಆರ್ಡರ್ ಜಾವಳಿಯ ಒಂದು ತೋಟದಿಂದ ಬಂತು. ಅವರ ಪಲ್ಪರಿಗೆ ಹೊಸ ಪಟ್ಟಿ.

"ಇದೊಂದು ಸರಿಬಂದ್ರೆ ಉಳೀತೀವಿ. ಕೆಟ್ರೆ ಬಾಗ್ಲು ಹಾಕೋದೇ" ಎಂದರು ಎಂಜಿನಿಯರ್.

ಅವರು ಹಣ್ಣಿನ ಬದಲು ಆ ತೋಟದ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ, ತರಿಸಿದರು. ಕೈಗೆ ಅಂಟುವುದಿಲ್ಲ, ಅಳೆಯಲು ಸಲೀಸು. ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಚಿತ್ರ ಬರೆದು, ಫ್ಲಾಪಿಯನ್ನು ಹೊರ ಊರಿನ ಕಾರ್ಖಾನೆಗೆ ಕಳಿಸಿದೆವು. ಪಟ್ಟಿ ಕನ್ನಡಿಯಂತೆ ಹೊಳೆಯುತ್ತ ಬಂತು. ಕೂರಿಸಲು ಸಾಬರನ್ನೇ ಕರೆದೊಯ್ದೆವು.

ಕೊಯ್ಲಿನ ಹಣ್ಣು ರಾಶಿ ಬಿದ್ದಿತ್ತು. ಪಲ್ಪರ್ ತಿರುಗಿತು. ಹೊರಬಂದದ್ದರಲ್ಲಿ ಇಡೀ ಬೀಜವನ್ನು ಹುಡುಕಬೇಕಾಯಿತು. ಹಸಿ ಬೀಜ ಒಣಗಿದರೆ ಸಣ್ಣದಾಗುತ್ತದೆ ಎಂಬ ಸಂಗತಿ, ಕಾಫಿ ತೋಟಗಳ ನಡುವೆಯೇ ಬೆಳೆದ ಇಬ್ಬರು ವಿದ್ಯಾವಂತರಿಗೆ ಆ ಗಳಿಗೆಯಲ್ಲಿ ಹೊಳೆಯಿತು.

"ಏನ್ರೀ ಇದು?" ಎಂದರು ತೋಟದ ಮಾಲೀಕರು. "ನಿಮ್ ಕಂಪ್ಯೂಟ್ರು ಬೀಜ ಬಿಡ್ಸುತ್ತೋ, ಕೊತ್ತಂಬರಿ ಹೆಚ್ಚುತ್ತೋ?"

ಎಂಜಿನಿಯರ್ ಲೆಕ್ಕದ ಚೀಟಿಯನ್ನು ಮುಷ್ಟಿಯಲ್ಲಿ ಮುದುರುತ್ತಿದ್ದರು. ಸಾಬರು ತುಂಡಾದ ಬೀಜವೊಂದನ್ನು ಎತ್ತಿ ನೋಡಿದರು. ಆಮೇಲೆ ಎಂಜಿನಿಯರನ್ನು ನೋಡಿದರು.

"ಅವ್ರ ಲೆಕ್ಕ ಸರಿ ಇದೆ ಸಾಹುಕಾರ್ರೇ. ಕೂರಿಸಿದ್ದು ನಂದೇ ತಪ್ಪು. ಈಗೀಗ ಕೈ ನಡುಗ್ತದೆ. ಮಧ್ಯಾಹ್ನದೊಳಗೆ ಸರಿ ಮಾಡ್ಕೊಡ್ತೀನಿ."

ನಾನು ಬಾಯಿ ತೆರೆದೆ. ಸಾಬರು ಸಾಮಾನಿನ ಚೀಲವನ್ನು ನನ್ನ ಕೈಗೆ ತುರುಕಿ, "ಹಿಡ್ಕಳಿ ಮಾರಾಯ್ರೇ, ಸುಮ್ನೆ ನಿಂತ್ಕಬೇಡಿ" ಎಂದರು. ಮುಚ್ಚಿದೆ.

ಹಸಿ ಬೀಜ ಜಾರಿಸಿ, ಅರ ಉಜ್ಜಿ, ಮಧ್ಯಾಹ್ನಕ್ಕೆ ಪಲ್ಪರನ್ನು ಸರಿಮಾಡಿಕೊಟ್ಟರು. ಹೀಗೇಕೆ ಹೇಳಿದಿರಿ ಎಂದು ಜೀಪಿನಲ್ಲಿ ಕೇಳಿದ್ದಕ್ಕೆ, "ಮೇಲೆ ನೀವಿಬ್ರೂ ಇಲ್ದಿದ್ರೆ ಮಾಳಿಗೆ ಬಿಕೋ ಅಂತದೆ" ಎಂದು ಬೀಡಿ ಹಚ್ಚಿದರು.

ಎಂಜಿನಿಯರ್ ಸಾಬರು ಉಜ್ಜಿದ ಆ ಪಟ್ಟಿಯನ್ನು ಅಳೆದು ಸಾಫ್ಟ್‌ವೇರ್ ತಿದ್ದಿದರು. ತೋಟಗಳ ಆರ್ಡರ್ ಬಂದವು, ಆಮೇಲೆ ದೊಡ್ಡ ಕಾರ್ಖಾನೆಗಳದ್ದು. ಕೇಂದ್ರ ಕಚೇರಿ ಚಿಕ್ಕಮಗಳೂರಿಗೆ ಹೋಯಿತು. ಕೊನೆಗೊಂದು ವಿದೇಶಿ ಕಂಪನಿ ನಮ್ಮನ್ನು ನುಂಗಿತು, ನೀರೂ ಕುಡಿಯಲಿಲ್ಲ. ಇತ್ತ ಸಾಬರ ಕೈ ನಡುಗುತ್ತದೆ ಎಂಬ ಮಾತು ಜಾವಳಿಯಿಂದ ವಸ್ತಾರೆಯವರೆಗೆ ನಮಗಿಂತ ಮುಂಚೆಯೇ ತಲುಪಿತ್ತು. ಅವರ ಅಂಗಡಿಗೆ ಪಲ್ಪರ್ ಬರುವುದು ನಿಂತಿತು. ಗೇಟಿನ ತಿರುಗುಣಿ, ಸೈಕಲ್ಲಿನ ಪೆಡಲ್ ಮಾತ್ರ ಬರುತ್ತಿದ್ದವು. ಅಂಚಿನ ತನಕ ತುಂಬಿದ ಚಹಾದ ಲೋಟವನ್ನು ಅವರು ಒಂದು ಹನಿ ಚೆಲ್ಲದೆ ಎತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ...

ಕಂಪನಿಯ ಇತಿಹಾಸದ ಪುಸ್ತಿಕೆ ಬರೆದವನು ನಾನೇ. 'ನಮ್ಮ ಮೊದಲ ಬಿಡಿಭಾಗವು ಮೊದಲ ಯತ್ನದಲ್ಲೇ ಯಶಸ್ವಿಯಾಯಿತು' ಎಂಬ ಗಂಭೀರ ವಾಕ್ಯವೂ ನನ್ನದೇ. ಒಂದು ಪ್ರತಿಯನ್ನು ಸಾಬರಿಗೆ ಕೊಟ್ಟು ಬರಲು ಹೋಗಿದ್ದೆ, ಅಷ್ಟು ನಾಚಿಕೆಗೇಡಿ ನಾನು. ಅವರು ಕನ್ನಡಕ ಹಾಕಿಕೊಂಡು, ಆ ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಬೈಯುತ್ತಾರೆಂದು ಕಾದೆ. "ಚೆನ್ನಾಗ್ ಬರ್ದಿದ್ದೀರಿ. ಕೂತ್ಕಳಿ, ಚಾ ಕುಡೀರಿ" ಎಂದರು. ಮುಂದೆ ಕೆಲವೇ ವರ್ಷಕ್ಕೆ ಹೋಗಿಬಿಟ್ಟರು.

ಮೊನ್ನೆ ಚಿಕ್ಕಮಗಳೂರಿನಿಂದ ಕಳಸದ ಮನೆಗೆ ಮರಳುವಾಗ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹಿರಿಯ ಬೆಳೆಗಾರರ ಹತ್ತಿರ ಸಾಬರ ಮಾತು ತೆಗೆದೆ.

"ಗೊತ್ತು ಗೊತ್ತು. ಒಳ್ಳೇ ಕೆಲ್ಸಗಾರ. ಪಾಪ, ಕೊನೆಗೆ ಕೈ ಹೋಗಿತ್ತಂತೆ."

"ಹೋಗಿರ್ಲಿಲ್ಲ. ತಪ್ಪು ನಮ್ದು" ಎಂದು ಎಲ್ಲವನ್ನೂ ಮೊದಲ ಬಾರಿಗೆ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿದರು. ಅವರು ಇಳಿಯಬೇಕಾದ ಬಣಕಲ್ ಬಂತು. ಎದ್ದು ನಿಂತು, ಕಂಬಿ ಹಿಡಿದು ನನ್ನತ್ತ ಬಾಗಿದರು.

"ಅಲ್ಲ, ಅವ್ರು ಇದ್ದಾಗ್ಲೇ ಹೇಳ್ಬೋದಿತ್ತಲ್ಲ ಮಾರಾಯ್ರೇ?"

ಇಳಿದುಹೋದರು. ಬಸ್ಸು ಹೊರಟಿತು. ಕಳಸದವರೆಗೂ ಆ ಸೀಟಿಗೆ ಯಾರೂ ಬರಲಿಲ್ಲ.