ಟವೆಲ್ಲಿನ ಕೆಳಗೆ ಕಾರಿನ ರೇಟು

ನಮ್ಮ ಸಾಹುಕಾರರು ಫಾರಿನ್ನಿನಿಂದ ತರಿಸಿದ ಸ್ಪೋರ್ಟ್ಸ್ ಕಾರನ್ನು ಪೂಜೆ ಮಾಡಿಸಲು ಗಾಣಗಾಪುರಕ್ಕೆ ಒಯ್ಯುತ್ತಿದ್ದೆ. ರೇಟು ಮಾತ್ರ ಯಾರ ಮುಂದೂ ಬಾಯಿಬಿಡಬೇಡ ಅಂದಿದ್ದರು. ಅಫಜಲಪುರದ ದನದ ಸಂತೆಯ ಹತ್ತಿರ ಮಂದಿ ಮುತ್ತಿಕೊಂಡರು.

"ಎರಡೇ ಸೀಟ್ ಅದಾವ. ಅಂಬಾಸಿಡರಿನ ಅರ್ಧಾ ರೇಟ್ ಇರಬೇಕು," ಅಂದ ಒಬ್ಬ.

ಎತ್ತಿನ ದಲಾಲಿ ಮುದುಕನೊಬ್ಬ ಮುಂದೆ ಬಂದು, ವ್ಯಾಪಾರಕ್ಕೆ ಕೂತವನ ಹಾಗೆ ನಮ್ಮಿಬ್ಬರ ಕೈಮೇಲೆ ಟವೆಲ್ಲು ಹಾಕಿದ. ದನದ ಸಂತೆಯಲ್ಲಿ ರೇಟು ಹೇಳುವುದೇ ಹೀಗೆ, ಮಂದಿಗೆ ಕಾಣದಂತೆ ಬೆರಳು ಹಿಡಿದು; ಒಂದು ಬೆರಳಿಗೆ ಹತ್ತರ ಲೆಕ್ಕ.

"ಬಾಯಿಲೆ ಹೇಳಬ್ಯಾಡ್ರಿ, ಬೆರಳು ಹಿಡೀರಿ."

ಬೆರಳಿನ ಬಗ್ಗೆ ಸಾಹುಕಾರರು ಏನೂ ಅಂದಿರಲಿಲ್ಲ. ಅವನ ಐದೂ ಬೆರಳು ಹಿಡಿದೆ.

"ಐವತ್ತು ಸಾವಿರೇನ್ರಿ?" ಕಿವಿಯಲ್ಲಿ ಕೇಳಿದ.

"ಸಾವಿರ ಅಲ್ಲ, ಲಕ್ಷ," ನಾನೂ ಅವನ ಕಿವಿಯಲ್ಲೇ ಅಂದೆ.

ಅವನ ಕೈ ಬೆವರಿತು, ಮುಖ ಮಾತ್ರ ಅಲುಗಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮಂದಿಗೆ ಹೇಳಿದ: "ವ್ಯವಹಾರ ಕುದರಲಿಲ್ರೆಪಾ."

ಗುಟ್ಟು ಉಳಿಯಿತು. ಎತ್ತು ಮಾರಾಟವಾಗದೆ ಮನೆಗೆ ಹೊಡೆದುಕೊಂಡು ಹೋಗುವವನಿಗೆ ಬಿಡುವ ಹಾಗೆ, ಮಂದಿ ಕನಿಕರದಿಂದ ನನಗೆ ದಾರಿ ಬಿಟ್ಟರು.