ಐಸ್ ಭಾವ ಕಟ್ಟಿದ ಪೆಟ್ಟಿಗೆ

ನನ್ನ ಅಕ್ಕನ ಗಂಡನಿಗೆ ನಮ್ಮ ಮನೆಯಲ್ಲಿ ಐಸ್ ಭಾವ ಎಂದೇ ಹೆಸರು. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಪ್ಯಾಕಿಂಗ್ ಕೆಲಸ. ಹೊರಗೆ ಜನ ಬೆವರು ಒರೆಸಿಕೊಳ್ಳುತ್ತಿದ್ದರೆ ಇವರು ದಪ್ಪ ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಒಳಗೆ ಹೋಗುತ್ತಾರೆ. ಯಾರ ಮನೆಗೆ ಹೋದರೂ ಫ್ರಿಜ್ ಬಾಗಿಲು ಸರಿಯಾಗಿ ಕೂತಿದೆಯೇ ಎಂದು ಅಂಗೈ ಒತ್ತಿ ನೋಡುವ ಚಟ. ಮದುವೆಗೆ ಮುಂಚೆ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಫ್ರಿಜ್ಜನ್ನೇ ಮೊದಲು ನೋಡಿದ್ದು, ತನ್ನನ್ನು ಆಮೇಲೆ ನೋಡಿದ್ದು ಎಂದು ಅಕ್ಕ ಇವತ್ತಿಗೂ ಹಂಗಿಸುತ್ತಾಳೆ.

ಎರಡು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಅಂದಿನಿಂದ ನುಣ್ಣಗೆ ಅರೆದು, ಜರಡಿ ಹಿಡಿದದ್ದು ಮಾತ್ರ ಅವಳಿಗೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಬೇಯಿಸಿ ಅರೆಯುವವರು ಭಾವ. ಬೇರೆಯವರನ್ನು ಮಿಕ್ಸಿ ಮುಟ್ಟಗೊಡುವುದಿಲ್ಲ. ಹೀಗಾಗಿ ನಾವು ಎರಡು ಜೋಡಿ ವಿಮಾನ ಹತ್ತಿ ದೂರದ ಸಮುದ್ರದ ದಂಡೆಗೆ ಎಂಟು ದಿನ ಹೋಗುವುದೆಂದು ನಿಶ್ಚಯವಾದಾಗ ಅವರು ಕೇಳಿಕೊಂಡದ್ದು ಒಂದೇ.

"ನೋಡಪ್ಪಾ, ಎಂಟು ದಿನ ನಾನು ಒಲೆ ಮುಟ್ಟಲ್ಲ. ಎಲ್ಲಾ ಇಲ್ಲೇ ಮಾಡಿ, ಐಸಲ್ಲಿಟ್ಟು ಗಟ್ಟಿ ಮಾಡ್ಕೊಂಡು ಬರ್ತೀನಿ. ಅಲ್ಲಿ ಬಿಸಿ ಮಾಡೋದು, ಅವಳಿಗೆ ಕೊಡೋದು, ಕಾಲು ಚಾಚಿ ಕೂರೋದು."

ಮೂರು ಭಾನುವಾರ ಕೂತು ಮೂವತ್ತೆರಡು ಪ್ಯಾಕೆಟ್ ಮಾಡಿದರು. ಒಂದೊಂದೂ ಹಾಸುಬಿಲ್ಲೆಯಂತೆ ಚಪ್ಪಟೆ.

ಒಳ್ಳೆಯ ಐಸ್ ಬಾಕ್ಸ್ ಕೊಡಿಸುತ್ತೇನೆಂದು ನಾನೇ ಅವರನ್ನು ದೊಡ್ಡ ಅಂಗಡಿಗೆ ಕರೆದೊಯ್ದೆ. ಅಲ್ಲಿ ಒಂದು ನೀಲಿ ಬಾಕ್ಸ್ ಇತ್ತು: ಚಕ್ರ, ಎಳೆಯುವ ಹಿಡಿ, ಮುಚ್ಚಳದ ಮೇಲೆ ಲೋಟ ಇಡಲು ಎರಡು ಗುಂಡಿ. ನನಗೆ ನೋಡಿದ ತಕ್ಷಣ ಪ್ರೀತಿ ಹುಟ್ಟಿತು. ಭಾವ ಜೇಬಿನಿಂದ ಹಳೇ ಬಸ್ ಟಿಕೆಟ್ ತೆಗೆದು ಮುಚ್ಚಳದ ಸಂದಿಗೆ ಸಿಕ್ಕಿಸಿ, ಮುಚ್ಚಿ, ಎಳೆದರು. ಟಿಕೆಟ್ ಸಲೀಸಾಗಿ ಹೊರಗೆ ಬಂತು.

"ಟಿಕೆಟ್ ಬರೋ ದಾರೀಲಿ ಚಳಿಯೂ ಬರುತ್ತೆ. ಚಕ್ರ ಮಾತ್ರ ಚೆನ್ನಾಗಿದೆ," ಎಂದರು.

ಅಂಗಡಿಯವನು "ಇದು ತುಂಬಾ ಓಡ್ತಿದೆ ಸರ್" ಎಂದ.

"ಓಡ್ದೇ ಏನು, ಚಕ್ರ ಇದ್ಯಲ್ಲಪ್ಪ."

ಅಕ್ಕಪಕ್ಕದವರು ನಕ್ಕರು. ನಾನು ಮಾತ್ರ ನಾಚಿಕೆಯಿಂದ ಚಪ್ಪಲಿ ನೋಡಿಕೊಂಡೆ.

ತಮ್ಮ ಕೆಲಸದ ಜಾಗದ ಥರ್ಮಾಕೋಲ್ ಪೆಟ್ಟಿಗೆಯೇ ಸಾಕು ಎಂದರು ಭಾವ. ಬಿಳಿ ಪೆಟ್ಟಿಗೆ, ಮೇಲೆ ಕೆಂಪಕ್ಷರದಲ್ಲಿ 'ಮೀನು'. ಅದನ್ನು ವಿಮಾನ ನಿಲ್ದಾಣದಲ್ಲಿ ತಳ್ಳಿಕೊಂಡು ಹೋಗುವ ನನ್ನ ಚಿತ್ರ ಕಣ್ಮುಂದೆ ಬಂದು ಎರಡು ದಿನ ಅನ್ನ ಸೇರಲಿಲ್ಲ. ಅಲ್ಲಿ ನನ್ನನ್ನು ಬಲ್ಲವರು ಯಾರಿದ್ದರು? ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಭಾವನಿಗೆ ತಿಳಿಯದಂತೆ ಹೋಗಿ ನೀಲಿಯನ್ನು ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟೆ.

ಹೊರಡುವ ದಿನ ಬೆಳಿಗ್ಗೆ ಭಾವ ಕೆಲಸದಿಂದ ನೇರವಾಗಿ ಬಂದು, ಪೆಟ್ಟಿಗೆಯನ್ನು ನಮ್ಮ ಹಜಾರದಲ್ಲಿಟ್ಟರು. ಸುತ್ತಲೂ ಟೇಪು.

"ಖಾಲಿ ಪೆಟ್ಟಿಗೇನೂ ರಾತ್ರಿಯೆಲ್ಲಾ ಐಸ್ ರೂಮಲ್ಲೇ ಇಟ್ಟಿದ್ದೆ. ಒಂದು ಬೆರಳಷ್ಟೂ ಜಾಗ ಖಾಲಿ ಬಿಟ್ಟಿಲ್ಲ. ಅಲ್ಲಿಗೆ ಹೋಗೋವರೆಗೂ ಬಿಚ್ಬೇಡ," ಎಂದು ಹೇಳಿ ಅಕ್ಕನನ್ನು ಕರೆತರಲು ಹೋದರು.

ಅವರು ಬೀದಿಯ ತಿರುವು ದಾಟುವ ಮೊದಲೇ ನಾನು ಟೇಪು ಕೊಯ್ದೆ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ನಿಮಗ್ಯಾಕೆ ಬೇಕಿತ್ತು?" ಎಂದಳು. ಹಿಂದಿನ ದಿನವೆಲ್ಲ ಬಿಸಿಲಲ್ಲಿ ಬೆಂದ ನೀಲಿಯೊಳಗೆ ಪ್ಯಾಕೆಟ್‌ಗಳನ್ನು ಜೋಡಿಸಿದೆ. ಅದು ತಾನೇ ಭಾರ. ತೂಕ ಹೆಚ್ಚಾದೀತೆಂದು ಅರ್ಧ ಐಸನ್ನೂ, ಸಂದಿಗೆ ತುಂಬಿದ್ದ ಪೇಪರನ್ನೂ ಆಚೆಗೆಸೆದೆ.

ಅಕ್ಕನ ಜೊತೆ ನಿಲ್ದಾಣಕ್ಕೆ ಬಂದ ಭಾವ ನೀಲಿಯನ್ನು ನೋಡಿದರು. ಅಂಗೈ ಒತ್ತಿದರು.

"ನಿನ್ನೆ ಇದು ಎಲ್ಲಿತ್ತು?"

"ಕಾರಲ್ಲಿ, ಭಾವ."

ಅವರು ನನ್ನ ಮುಖ ನೋಡಿ, ಅಕ್ಕನ ಕಡೆ ನೋಡಿ, "ಸರಿ, ನಡಿ," ಎಂದರು. ಅಷ್ಟೇ.

ಎರಡು ವಿಮಾನ, ನಡುವೆ ಆರು ಗಂಟೆಯ ಕಾಯುವಿಕೆ, ಆಮೇಲೆ ಸುಡುವ ಬಸ್ಸು. ಬಾಡಿಗೆ ಮನೆಯಲ್ಲಿ ಮುಚ್ಚಳ ತೆಗೆದಾಗ ಪ್ಯಾಕೆಟ್‌ಗಳು ನೀರಿನಲ್ಲಿ ತೇಲುತ್ತಿದ್ದವು. ಭಾವ ಒಂದನ್ನು ಹಿಸುಕಿ ನೋಡಿದರು, ಮೂಸಿದರು. ಅಕ್ಕನ ಹೊಟ್ಟೆಯ ವಿಷಯದಲ್ಲಿ ಅವರು ಅನುಮಾನಕ್ಕೆ ಜಾಗ ಕೊಡುವವರಲ್ಲ. ಮೂವತ್ತೆರಡನ್ನೂ ಒಂದೊಂದಾಗಿ ಕತ್ತರಿಸಿ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದರು. ಮೂರು ಭಾನುವಾರ ಬುಳುಬುಳು ಎಂದು ಇಳಿದು ಹೋದವು.

ಅಕ್ಕ ಬಂದು ನೋಡಿದಳು. "ಏನ್ರೀ, ಊರಿಗೆಲ್ಲ ಐಸ್ ಕಟ್ಟಿ ಕಳಿಸ್ತೀರಿ, ಹೆಂಡ್ತಿ ಊಟಕ್ಕೆ ಕಟ್ಟೋಕೆ ಬರ್ಲಿಲ್ವಾ?"

"ಗಡಿಬಿಡೀಲಿ ಕಟ್ಟಿದೆ ಕಣೇ. ಎಡವಟ್ಟಾಯ್ತು," ಎಂದರು ಭಾವ.

ಅಕ್ಕ ನಕ್ಕಳು. ನಾನೂ ನಕ್ಕೆ. ಹೇಳಲು ಬಾಯೇ ಬರುವುದಿಲ್ಲ, ಆದರೂ ಹೇಳುತ್ತೇನೆ: ಅವಳಿಗಿಂತ ಜೋರಾಗಿ ನಕ್ಕೆ. ಹೆಂಡತಿ ನಗಲಿಲ್ಲ. ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನದಿಂದ ಭಾವ ಅಡುಗೆಮನೆ ಸೇರಿದರು. ಗುರುತಿಲ್ಲದ ಒಲೆ, ಮೊಂಡು ಚಾಕು, ಕೆಮ್ಮುವ ಮಿಕ್ಸಿ. ನಾವು ಮೂವರು ಮರಳಲ್ಲಿ ಕೂತಿದ್ದರೆ ಆ ಕೆಮ್ಮು ದಂಡೆಯವರೆಗೂ ಕೇಳುತ್ತಿತ್ತು. ಅಲೆಗಳು ಅದನ್ನು ಮುಚ್ಚುತ್ತವೇನೋ ಎಂದು ಇನ್ನೂ ಮುಂದೆ ಹೋಗಿ ಕೂತೆ. ಪ್ಯಾಂಟು ಒದ್ದೆಯಾಯಿತು, ಕೆಮ್ಮು ನಿಲ್ಲಲಿಲ್ಲ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಅಕ್ಕ ಮತ್ತೆ ಆ ಮಾತು ತೆಗೆದು ಹಂಗಿಸಿದಳು. ಭಾವ ಬಗ್ಗಿ ಅವಳ ಬಟ್ಟಲು ತುಂಬುತ್ತಿದ್ದರು. "ಅಕ್ಕಾ, ಅವರು ಸರಿಯಾಗೇ ಕಟ್ಟಿದ್ರು. ನಾನು ಬಿಚ್ಚಿದ್ದು," ಎಂದೆ. 'ಮೀನು' ಎಂಬ ಕೆಂಪಕ್ಷರದವರೆಗೂ ಎಲ್ಲ ಹೇಳಿದೆ.

ಅಕ್ಕ ಚಮಚ ಕೆಳಗಿಟ್ಟಳು. "ಅವರ ಪೆಟ್ಟಿಗೆ ನಿಂಗೆ ಅವಮಾನ ಆಯ್ತೇನೋ?" ಎಂದಳು. ಆಮೇಲೆ ಗಂಡನಿಗೆ, "ನಾನು ನಾಲ್ಕು ದಿನದಿಂದ ಬಾಯಿಗೆ ಬಂದಂಗೆ ಅಂತಿದೀನಿ, ನೀವ್ಯಾಕ್ರೀ ಸುಮ್ನಿದ್ರಿ?"

"ನಿನ್ನ ತಮ್ಮ ರಜಾಕ್ಕೆ ಬಂದಿದಾನಲ್ಲೇ," ಎಂದರು ಭಾವ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಅಕ್ಕನ ಅಪ್ಪಣೆಯಂತೆ ಮಿಕ್ಸಿಯ ಮುಂದೆ ನಾನು ನಿಂತೆ. ಭಾವ ಬೆರಳ ತುದಿಯಲ್ಲಿ ನೆಕ್ಕಿ ನೋಡಿ, "ನುಚ್ಚಿದೆ. ಇನ್ನೊಂದ್ಸಲ ಜರಡಿ ಹಿಡಿ," ಎಂದರು. ಹಿಡಿದೆ. ಮತ್ತೊಮ್ಮೆ ಎಂದರು. ಮತ್ತೂ ಹಿಡಿದೆ. ಹೆಂಡತಿಯೂ ಅಕ್ಕನೂ ಸೇರಿ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ದಂಡೆಗೆ ಕರೆದೊಯ್ದರು.

ಇಪ್ಪತ್ತು ನಿಮಿಷಕ್ಕೆ ಬರಿಗಾಲಲ್ಲಿ, ಮರಳು ಮೆತ್ತಿಕೊಂಡು, ಒಬ್ಬರೇ ವಾಪಸ್ ಬಂದರು.

"ಯಾಕೆ ಭಾವ, ಸಮುದ್ರ ಹಿಡಿಸ್ಲಿಲ್ವಾ?"

"ಚೆನ್ನಾಗಿದೆ, ಚೆನ್ನಾಗಿದೆ," ಎಂದು ಪಾತ್ರೆಯ ಮುಚ್ಚಳ ಎತ್ತಿದರು. "ಉಪ್ಪು ಹಾಕಿದ್ಯಾ?"

ಹಾಕಿರಲಿಲ್ಲ.